ಅರ್ಬುದ ಸಂಶೋಧಕನ ಲೇಖನಸಂಪತ್ತು: ಅದರ ಎಣಿಕೆಯೂ ತೂಕವೂ

ವಿದ್ವಾಂಸನೊಬ್ಬನ ದುಡಿಮೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಬಹು ಹಳೆಯದು. ರೈತನ ದುಡಿಮೆ ಕಣದಲ್ಲಿ ರಾಶಿಯಾಗಿ ಬೀಳುತ್ತದೆ; ನೇಕಾರನ ದುಡಿಮೆ ಮಗ್ಗದಿಂದ ಬಟ್ಟೆಯಾಗಿ ಇಳಿಯುತ್ತದೆ; ಒಂದನ್ನು ಕೊಳಗದಿಂದಲೂ ಇನ್ನೊಂದನ್ನು ಮೊಳದಿಂದಲೂ ಅಳೆಯಬಹುದು. ಸಂಶೋಧಕನು ಬೆಳೆಯುವ ಬೆಳೆಯೋ ಅರಿವು. ಅದಕ್ಕೆ ಕೊಳಗವಿಲ್ಲ. ಆದರೂ ಹುದ್ದೆಯನ್ನು ಕೊಡುವವರಿಗೆ, ಬಡ್ತಿಯನ್ನು ನಿರ್ಣಯಿಸುವವರಿಗೆ, ಪ್ರಯೋಗಶಾಲೆಗಳಿಗೆ ಹಣವನ್ನು ಹಂಚುವವರಿಗೆ ಯಾವುದಾದರೊಂದು ಅಳತೆ ಬೇಕಾಗುತ್ತದೆ. ಆದಕಾರಣ ಅವನು ಪ್ರಕಟಿಸಿದ ಲೇಖನಗಳೆಷ್ಟು, ಅವುಗಳನ್ನು ಇತರ ವಿದ್ವಾಂಸರು ತಮ್ಮ ಬರಹಗಳಲ್ಲಿ ಎಷ್ಟು ಸಲ ನೆನೆದಿದ್ದಾರೆ ಎಂಬ ಎರಡು ಎಣಿಕೆಗಳು ಲೋಕದಲ್ಲಿ ರೂಢಿಗೆ ಬಂದಿವೆ. ಈ ಎಣಿಕೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಅರ್ಬುದರೋಗದ, ಎಂದರೆ ಕ್ಯಾನ್ಸರಿನ, ಸಂಶೋಧನೆಯನ್ನು ನಿದರ್ಶನವಾಗಿಟ್ಟುಕೊಂಡು ವಿಚಾರ ಮಾಡುವುದು ಈ ಭಾಷಣದ ಉದ್ದೇಶ.

ಇದು ವಿಶ್ವವಿದ್ಯಾನಿಲಯಗಳ ಗೋಡೆಗಳೊಳಗಿನ ವಿಷಯ, ನಮಗೇತಕ್ಕೆ ಎಂದು ಶ್ರೋತೃಗಳು ಕೇಳಬಹುದು. ಧಾರವಾಡ ಜಿಲ್ಲೆಯ ಹಳ್ಳಿಗಳ ಕಡೆ ಒಮ್ಮೆ ದೃಷ್ಟಿ ಹಾಯಿಸಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಹತ್ತಿ ಬಿಡಿಸುವ, ಕುಂದಗೋಳದ ಹೊಲಗಳಲ್ಲಿ ಮೆಣಸಿನಕಾಯಿ ಕೊಯ್ಯುವ, ಕಲಘಟಗಿಯ ಗದ್ದೆಗಳಲ್ಲಿ ಕಳೆ ತೆಗೆಯುವ ಹೆಣ್ಣುಮಗಳೊಬ್ಬಳ ಗರ್ಭಕೋಶದ ಕೊರಳಿನಲ್ಲಿ ಅರ್ಬುದ ಮೊಳೆತರೆ, ಮೊದಮೊದಲಿಗೆ ಅದರಿಂದ ನೋವೂ ಇಲ್ಲ, ಅದಕ್ಕೆ ಗುರುತೂ ಇಲ್ಲ. ಬಿಳಿಸೆರಗು ಹೆಚ್ಚಾಗಿ, ಅಕಾಲದಲ್ಲಿ ರಕ್ತ ಕಂಡು, ನಾಚಿಕೆಯನ್ನು ಬದಿಗಿಟ್ಟು ಮನೆಯವರಿಗೆ ತಿಳಿಸಿ, ಸುಗ್ಗಿ ಮುಗಿಯಲೆಂದು ಕಾದು, ಆಮೇಲೆ ಹುಬ್ಬಳ್ಳಿಯ ಬಸ್ಸು ಹತ್ತುವ ಹೊತ್ತಿಗೆ ಎಷ್ಟೋ ವೇಳೆ ಕಾಲ ಮೀರಿರುತ್ತದೆ. 2022ರ ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷ ಸುಮಾರು 1,27,000 ಮಂದಿ ಸ್ತ್ರೀಯರಿಗೆ ಈ ರೋಗ ಹೊಸದಾಗಿ ಬಂದಿತು. ಸುಮಾರು 80,000 ಮಂದಿ ಇದರಿಂದ ತೀರಿಕೊಂಡರು. ಯಾವ ತಪಾಸಣೆಯನ್ನು, ಯಾವ ವಯಸ್ಸಿನಲ್ಲಿ, ಯಾರ ಕೈಯಿಂದ ಮಾಡಿಸಿದರೆ ಇಂಥ ಸಾವು ತಪ್ಪೀತೆಂಬುದನ್ನು ಸರಕಾರಗಳು ತಮ್ಮಷ್ಟಕ್ಕೆ ತಾವು ಊಹಿಸಿಕೊಳ್ಳುವುದಿಲ್ಲ. ಸಂಶೋಧಕರ ಲೇಖನಗಳನ್ನು ಓದಿ ಗೊತ್ತುಮಾಡುತ್ತವೆ. ಆದುದರಿಂದ ಒಂದು ಲೇಖನದ ಯೋಗ್ಯತೆಯನ್ನು ಸರಿಯಾಗಿ ತೂಗುವುದಕ್ಕೂ ಆ ಹೆಣ್ಣುಮಗಳ ಆಯುಸ್ಸಿಗೂ ಸಂಬಂಧವುಂಟು.

ಮೊದಲು ಉಲ್ಲೇಖವೆಂದರೇನೆಂಬುದನ್ನು ನೋಡೋಣ. ಕನ್ನಡ ಕಾವ್ಯಗಳ ಪರಿಚಯವಿರುವವರಿಗೆ ಇದು ಹೊಸ ವಿಷಯವಲ್ಲ. ನಮ್ಮ ಪ್ರಾಚೀನ ಕವಿಗಳು ಕಾವ್ಯದ ಪೀಠಿಕೆಯಲ್ಲಿ ತಮಗಿಂತ ಹಿಂದಿನ ಕವಿಗಳನ್ನು ಸ್ಮರಿಸಿ, ಅವರ ಋಣವನ್ನು ಒಪ್ಪಿಕೊಂಡು, ಅನಂತರವೇ ತಮ್ಮ ಕಥೆಗೆ ತೊಡಗುತ್ತಿದ್ದರು. ಪಂಪನನ್ನು ಅವನ ತರುವಾಯದ ಕವಿಗಳು ಮತ್ತೆ ಮತ್ತೆ ನೆನೆದಿರುವುದರಿಂದ ಅವನ ಕಾವ್ಯ ಎಷ್ಟು ದೂರ ಹರಿಯಿತೆಂಬುದು ನಮಗೆ ಗೊತ್ತಾಗುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಕನ್ನಡ ಗದ್ಯಕಾರರೆಂದು ಹೆಸರಿಸುತ್ತದೆ. ಅವರ ಕನ್ನಡ ಗ್ರಂಥಗಳು ನಮಗೆ ದೊರೆತಿಲ್ಲ. ಕನ್ನಡ ಗದ್ಯಕಾರರಾಗಿ ಅವರನ್ನು ಉಳಿಸಿರುವುದು ಆ ಸ್ಮರಣೆ. ವಿಜ್ಞಾನದ ಲೇಖನಗಳ ಕೊನೆಯಲ್ಲಿ ಕಾಣುವ ಪಟ್ಟಿಯೂ ಇಂಥದೇ ಪೂರ್ವಕವಿಸ್ತುತಿ. ಈ ಮಾತನ್ನು ಇಂಥವರಿಂದ ಪಡೆದೆ, ಈ ವಿಧಾನವನ್ನು ಇಂಥವರಿಂದ ಕಲಿತೆ ಎಂದು ಲೇಖಕನು ಅಲ್ಲಿ ಒಪ್ಪಿಸುತ್ತಾನೆ.

ಈ ಋಣಪತ್ರಗಳನ್ನೆಲ್ಲ ಒಂದೆಡೆ ಕೂಡಿಸಿ ಸೂಚಿಯಾಗಿ ಮಾಡಿದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡರು. ಫಿಲಡೆಲ್ಫಿಯಾ ನಗರದಲ್ಲಿ ಅವರು ನಡೆಸುತ್ತಿದ್ದ ಸಂಸ್ಥೆಯಿಂದ 1964ರಲ್ಲಿ ವಿಜ್ಞಾನ ಉಲ್ಲೇಖಸೂಚಿಯು ಸಾರ್ವಜನಿಕ ಬಳಕೆಗೆ ಬಂದಿತು. ಒಂದು ವಿಚಾರವು ಯಾರಿಂದ ಯಾರಿಗೆ ಹರಿಯಿತೆಂಬುದನ್ನು ಹಿಂಬಾಲಿಸಲು ಅನುಕೂಲವಾಗಲೆಂಬುದು ಅದರ ಮೂಲ ಉದ್ದೇಶ. ಎಣಿಕೆ ಸುಲಭವಾದ ಮೇಲೆ ಅದನ್ನು ಮನುಷ್ಯರನ್ನು ಅಳೆಯುವುದಕ್ಕೂ ಬಳಸಲು ತೊಡಗಿದರು. 2005ರಲ್ಲಿ ಕ್ಯಾಲಿಫೋರ್ನಿಯದ ಭೌತವಿಜ್ಞಾನಿ ಹೋರ್ಹೆ ಹಿರ್ಶರು ಎಚ್-ಅಂಕವೆಂಬ ಒಂದು ಸರಳವಾದ ಅಳತೆಯನ್ನು ಸೂಚಿಸಿದರು. ಅದರ ಲೆಕ್ಕ ಹೀಗೆ: ಒಬ್ಬ ಸಂಶೋಧಕನ ಹತ್ತು ಲೇಖನಗಳು ಪ್ರತಿಯೊಂದೂ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದು, ಹನ್ನೊಂದು ಲೇಖನಗಳು ಹನ್ನೊಂದು ಸಲ ಉಲ್ಲೇಖಗೊಂಡಿಲ್ಲದಿದ್ದರೆ, ಅವನ ಅಂಕ ಹತ್ತು. ಐವತ್ತು ಲೇಖನಗಳು ಐವತ್ತೈವತ್ತು ಸಲ ಉಲ್ಲೇಖಗೊಂಡಿದ್ದರೆ ಅಂಕ ಐವತ್ತಕ್ಕೆ ಕಡಮೆಯಾಗದು. ಬರಿಯ ಲೇಖನಗಳ ರಾಶಿಯಿಂದಾಗಲಿ, ಒಂದೇ ಒಂದು ಪ್ರಸಿದ್ಧ ಲೇಖನದಿಂದಾಗಲಿ ಈ ಅಂಕ ಏರುವುದಿಲ್ಲ. ಅದು ಈ ಅಳತೆಯ ಗುಣ. ಆದರೆ ಜೀವಮಾನದಲ್ಲಿ ಒಂದೇ ಲೇಖನವನ್ನು ಬರೆದು, ಅದು ಹತ್ತು ಸಾವಿರ ಸಲ ಉಲ್ಲೇಖಗೊಂಡರೂ ಅವನ ಅಂಕ ಒಂದೇ. ಅದೇ ಈ ಅಳತೆಯ ದೋಷ.

ಈ ಅಳತೆಗಳು ಹೇಗೆ ಕಡಮೆ ತೂಗಬಲ್ಲವು, ಹೇಗೆ ಹೆಚ್ಚು ತೂಗಬಲ್ಲವು ಎಂಬುದಕ್ಕೆ ಅರ್ಬುದ ಸಂಶೋಧನೆಯ ಚರಿತ್ರೆಯಲ್ಲಿಯೇ ಎರಡು ನಿದರ್ಶನಗಳಿವೆ. ಎರಡರಲ್ಲಿಯೂ ಭಾರತದಲ್ಲಿ ಹುಟ್ಟಿದ ವಿಜ್ಞಾನಿಗಳೇ ಕಾಣಿಸಿಕೊಳ್ಳುತ್ತಾರೆ.

ಮೊದಲನೆಯವರು ಯೆಲ್ಲಾಪ್ರಗಡ ಸುಬ್ಬರಾಯರು. 1895ರಲ್ಲಿ ಭೀಮವರದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರೊಡನೆ ದುಡಿದು, ಜೀವದ್ರವಗಳಲ್ಲಿರುವ ರಂಜಕವನ್ನು ಬಣ್ಣದಿಂದ ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಗಳಲ್ಲಿ ನಿತ್ಯವೂ ಬೇಕಾಗುವ ಆ ವಿಧಾನದಿಂದಾಗಿ ಅವರ ಹೆಸರು ಸಾವಿರಾರು ಲೇಖನಗಳ ಪಟ್ಟಿಗಳಲ್ಲಿ ಬರುತ್ತದೆ. ಮುಂದೆ ಅವರು ಲೆಡರ್ಲೆ ಪ್ರಯೋಗಶಾಲೆಗಳಲ್ಲಿ ಸಂಶೋಧನೆಯನ್ನು ನಡೆಸುತ್ತಿದ್ದಾಗ, ಅಲ್ಲಿ ತಯಾರಾದ ಅಮಿನೋಪ್ಟೆರಿನ್ ಎಂಬ ಔಷಧವನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರರು ರಕ್ತದ ಅರ್ಬುದದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟು ನೋಡಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರೆಂದು 1948ರ ಜೂನ್ ತಿಂಗಳಲ್ಲಿ ಪ್ರಕಟವಾದ ಲೇಖನ ಅರ್ಬುದಕ್ಕೆ ಔಷಧದ ಚಿಕಿತ್ಸೆಯುಂಟೆಂಬ ಹೊಸ ಯುಗವನ್ನು ತೆರೆಯಿತು. ಆ ಲೇಖನದ ಲೇಖಕರ ಪಟ್ಟಿಯಲ್ಲಿ ಸುಬ್ಬರಾಯರ ಹೆಸರಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಅಮಿನೋಪ್ಟೆರಿನ್ನಿನ ಸೋದರಿಯಾದ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತಾರ್ಬುದದ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ರಂಜಕವನ್ನು ಅಳೆದ ಲೇಖನವನ್ನು ಸೂಚಿಯು ಅವರ ಲೆಕ್ಕಕ್ಕೆ ಬರೆಯಿತು. ಮಕ್ಕಳನ್ನು ಉಳಿಸಿದ ಔಷಧವನ್ನು ಬರೆಯಲಿಲ್ಲ.

ಎರಡನೆಯ ನಿದರ್ಶನ ಇದರ ವಿಪರ್ಯಯ. ನಮ್ಮ ಮನೆಮನೆಯ ಅಡುಗೆಯಲ್ಲಿ ಬಳಸುವ ಅರಿಸಿನದಲ್ಲಿ ಕರ್ಕ್ಯುಮಿನ್ ಎಂಬ ಹಳದಿಯ ಸತ್ತ್ವವಿದೆ. ಅಮೆರಿಕದ ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಅರ್ಬುದ ಕೇಂದ್ರದಲ್ಲಿದ್ದ ಭರತ್ ಅಗರ್‌ವಾಲರು ಇದು ಅರ್ಬುದವನ್ನು ತಡೆಯುವುದೆಂಬ ವಿಷಯವಾಗಿ ಬಹುಸಂಖ್ಯೆಯ ಲೇಖನಗಳನ್ನು ಬರೆದರು. ಅವು ಬಹುವಾಗಿ ಉಲ್ಲೇಖಗೊಂಡವು. ಎಣಿಕೆಯಿಂದ ನೋಡಿದರೆ ಅದು ಅಸೂಯೆ ಹುಟ್ಟಿಸುವ ಸಂಪತ್ತು. ಆದರೆ ಆ ಲೇಖನಗಳಲ್ಲಿ ಅಚ್ಚಾದ ಚಿತ್ರಗಳ ವಿಷಯದಲ್ಲಿ ಸಂಶಯಗಳೆದ್ದು, 2016ರಲ್ಲಿ ಒಂದೇ ಪತ್ರಿಕೆಯು ಅವರ ಏಳು ಲೇಖನಗಳನ್ನು ಹಿಂತೆಗೆದುಕೊಂಡಿತು. ಬೇರೆ ಪತ್ರಿಕೆಗಳೂ ಹಲವನ್ನು ಹಿಂತೆಗೆದುಕೊಂಡವು. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ಕರ್ಕ್ಯುಮಿನ್ನಿನ ವಿಷಯವನ್ನೆಲ್ಲ ಪರಾಮರ್ಶಿಸಿ, ನೂರಿಪ್ಪತ್ತಕ್ಕೂ ಮೀರಿ ರೋಗಿಗಳ ಮೇಲಿನ ಪ್ರಯೋಗಗಳು ನಡೆದಿದ್ದರೂ, ಕಟ್ಟುನಿಟ್ಟಾಗಿ ಹೋಲಿಸಿ ನೋಡಿದ ಯಾವ ಪ್ರಯೋಗದಲ್ಲಿಯೂ ಅದು ಗೆದ್ದಿಲ್ಲವೆಂದು ತಿಳಿಸಿದರು. ಅರಿಸಿನ ಅಡುಗೆಗೆ ಹಿತವಾದ ಪದಾರ್ಥವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ನಂಬಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವುದನ್ನು ಮುಂದಕ್ಕೆ ಹಾಕಿದವಳಿಗೆ ಮಾತ್ರ, ಸಾವಿರ ಸಲ ಉಲ್ಲೇಖಗೊಂಡ ಲೇಖನವೂ ಕೇಡನ್ನೇ ಮಾಡಿತೆನ್ನಬೇಕು.

ಹಾಗಾದರೆ ತೂಕವುಳ್ಳ ಲೇಖನ ಹೇಗಿರುತ್ತದೆ? ಅದನ್ನು ಕಾಣಲು ಬಹು ದೂರ ಹೋಗಬೇಕಾದುದಿಲ್ಲ. ಧಾರವಾಡದ ಎರೆಭೂಮಿಯಂಥದೇ ಕರಿಯ ನೆಲ, ಜೋಳದ ರೊಟ್ಟಿಯೇ ಮುಖ್ಯ ಆಹಾರವಾದ ಸೀಮೆ, ನಮ್ಮ ಗಡಿಗೆ ಹೊಂದಿಕೊಂಡ ಸೊಲ್ಲಾಪುರ, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿದೆ. ಸೊಲ್ಲಾಪುರವೂ ಧಾರವಾಡವೂ 1956ರ ವರೆಗೆ ಒಂದೇ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. ಸೊಲ್ಲಾಪುರದಲ್ಲಿ ಕನ್ನಡದ ಮನೆಗಳು ಇಂದಿಗೂ ಬಹಳ. ಆ ಜಿಲ್ಲೆಯ ಬಾರ್ಶಿ ಎಂಬ ಊರಿನಲ್ಲಿ ಗ್ರಾಮಸ್ಥರಿಗಾಗಿ ನಡೆಯುವ ನರ್ಗಿಸ್ ದತ್ತ ಸ್ಮಾರಕ ಅರ್ಬುದ ಆಸ್ಪತ್ರೆಯಿದೆ.

1960ರ ದಶಕದಲ್ಲಿಯೇ ಮುಂಬಯಿಯಲ್ಲಿ, 1980ರ ದಶಕದ ಮೊದಲಲ್ಲಿ ಬೆಂಗಳೂರು, ಮದರಾಸು ನಗರಗಳಲ್ಲಿ ಅರ್ಬುದ ನೋಂದಣಿಗಳು ಕೆಲಸಕ್ಕೆ ತೊಡಗಿದವು. ಊರಿನಲ್ಲಿ ಯಾರಿಗೆ ಅರ್ಬುದ ಬಂದಿದೆ, ದೇಹದ ಯಾವ ಭಾಗದಲ್ಲಿ, ರೋಗಿ ಎಷ್ಟು ದಿನ ಬದುಕಿದರು ಎಂಬುದನ್ನು ಆಸ್ಪತ್ರೆಗಳ ದಾಖಲೆಗಳಿಂದ ಕಲೆಹಾಕುವುದೇ ನೋಂದಣಿ. ಆದರೆ ಹಳ್ಳಿಯ ರೋಗಿ ಆಸ್ಪತ್ರೆಗೇ ಬರದಿದ್ದರೆ ದಾಖಲೆಯೆಲ್ಲಿಂದ ಬರಬೇಕು? ಬಾರ್ಶಿಯಲ್ಲಿ 1987ರಲ್ಲಿ ಆರಂಭವಾದ, ಭಾರತದ ಪ್ರಥಮ ಗ್ರಾಮೀಣ ಅರ್ಬುದ ನೋಂದಣಿಯು ಈ ಕ್ರಮವನ್ನು ತಿರುಗುಮುರುಗು ಮಾಡಿತು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳಿಗೆ ಕಾರ್ಯಕರ್ತರು ತಾವೇ ಹೋಗಿ, ಜನರನ್ನು ಕೂಡಿಸಿ, ರೋಗದ ಲಕ್ಷಣಗಳನ್ನು ತಿಳಿಸಿ, ಸಂಶಯವಿದ್ದವರನ್ನು ಆಸ್ಪತ್ರೆಗೆ ಕರೆತಂದರು. ಎಣಿಸುವುದಕ್ಕಾಗಿ ಹೋದವರು ಹೀಗೆ ತಿಳಿವಳಿಕೆಯನ್ನೂ ಹಂಚಿಬಂದರು. ಗರ್ಭಕಂಠದ ಅರ್ಬುದವು ಮೊದಲಿಗಿಂತ ಬೇಗನೆ, ಚಿಕಿತ್ಸೆಗೆ ಬಗ್ಗುವ ಹಂತದಲ್ಲಿಯೇ ಪತ್ತೆಯಾಗತೊಡಗಿತೆಂಬುದನ್ನು ಅಂಕಿಗಳ ವಿದ್ವಾಂಸರಾದ ಕಸ್ತೂರಿ ಜಯಂತರೂ ಅವರ ಸಂಗಡಿಗರೂ 1995ರಲ್ಲಿ ಲೇಖನವಾಗಿ ಪ್ರಕಟಿಸಿದರು.

ಈ ನೋಂದಣಿಯ ಅಡಿಪಾಯದ ಮೇಲೆ ಕಟ್ಟಿದ ದೊಡ್ಡ ಕೆಲಸವೇ ಉಸ್ಮಾನಾಬಾದ್ ಪ್ರಯೋಗ. ಅದರ ಮುಖ್ಯ ಲೇಖಕರು ರಂಗಸ್ವಾಮಿ ಶಂಕರನಾರಾಯಣನ್ ಅವರು. ತಿರುವನಂತಪುರದ ಪ್ರಾದೇಶಿಕ ಅರ್ಬುದ ಕೇಂದ್ರದಲ್ಲಿ ವೈದ್ಯರಾಗಿದ್ದು, ತರುವಾಯ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯಲ್ಲಿ ತಪಾಸಣೆಯ ಶಾಖೆಯನ್ನು ನಡೆಸಿದವರು. ಬಾರ್ಶಿಯ ನೆನೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಶಾಸ್ತ್ರಿ ಮತ್ತು ದಿನ್‌ಷಾ, ಕಸ್ತೂರಿ ಜಯಂತ ಮೊದಲಾದವರು ಅವರ ಜೊತೆ ಲೇಖಕರು.

ಪ್ರಯೋಗದ ಪ್ರಶ್ನೆ ಸರಳವಾದುದು. ಗರ್ಭಕಂಠವನ್ನು ಪರೀಕ್ಷಿಸುವ ಮೂರು ಮಾರ್ಗಗಳಿವೆ. ಕಂಠದಿಂದ ಕೋಶಗಳನ್ನು ಒರಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಮೊದಲನೆಯದು. ಪಾಪನಿಕೊಲೌ ಎಂಬ ವೈದ್ಯವಿಜ್ಞಾನಿಯ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ನೀರು ಬೆರೆಸಿದ ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರಿನಲ್ಲಿರುವ ಹುಳಿಯನ್ನು, ಹಚ್ಚಿ, ಕೆಟ್ಟ ಭಾಗ ಬೆಳ್ಳಗಾಗುವುದೇ ಎಂದು ಬರಿಗಣ್ಣಿನಿಂದ ನೋಡುವುದು ಎರಡನೆಯದು. ರೋಗಕ್ಕೆ ಕಾರಣವಾದ ಎಚ್.ಪಿ.ವಿ. ಎಂಬ ವೈರಸ್ಸು ಅಲ್ಲಿದೆಯೇ ಎಂದು ಯಂತ್ರದಿಂದ ಪರೀಕ್ಷಿಸುವುದು ಮೂರನೆಯದು. ಈ ವೈರಸ್ಸೇ ಗರ್ಭಕಂಠದ ಅರ್ಬುದಕ್ಕೆ ಮೂಲವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ತ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇವುಗಳಲ್ಲಿ ಯಾವುದನ್ನು ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದರೂ ಹಳ್ಳಿಯ ಸ್ತ್ರೀಯರ ಸಾವು ಕಡಮೆಯಾದೀತು?

ಇದನ್ನು ತಿಳಿಯಲು 497 ಹಳ್ಳಿಗಳನ್ನು 52 ಗುಂಪುಗಳಾಗಿ ಮಾಡಿ, ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಎಡೆಯಿಲ್ಲದೆ, ಅವನ್ನು ನಾಲ್ಕು ಪಾಲಾಗಿ ಹಂಚಲಾಯಿತು. ಮೂವತ್ತರಿಂದ ಐವತ್ತೊಂಬತ್ತು ವಯಸ್ಸಿನ ಆರೋಗ್ಯವಂತ ಸ್ತ್ರೀಯರು ಒಟ್ಟು 1,31,746 ಮಂದಿ. ಮೂರು ಪಾಲಿನವರಿಗೆ ಮೇಲಿನ ಮೂರು ಪರೀಕ್ಷೆಗಳಲ್ಲಿ ಒಂದೊಂದು. ನಾಲ್ಕನೆಯ ಪಾಲಿನವರಿಗೆ ಪ್ರಯೋಗದ ಕಡೆಯಿಂದ ಯಾವ ತಪಾಸಣೆಯೂ ಇಲ್ಲ. 1999ರಲ್ಲಿ ಆರಂಭವಾದ ಈ ಕೆಲಸದಲ್ಲಿ ಎಂಟು ವರ್ಷಗಳ ಅನುಸರಣೆಯಾದ ಮೇಲೆ ಲೆಕ್ಕ ಹೀಗಿತ್ತು: ವೈರಸ್ಸಿನ ಪರೀಕ್ಷೆಗೆ ಸೇರಿದ್ದ 34,126 ಸ್ತ್ರೀಯರಲ್ಲಿ ಈ ರೋಗದಿಂದ ತೀರಿಕೊಂಡವರು 34, ತಪಾಸಣೆಯಿಲ್ಲದ 31,488 ಸ್ತ್ರೀಯರಲ್ಲಿ 64. ಮೀರಿಹೋದ ಹಂತದಲ್ಲಿ ಪತ್ತೆಯಾದ ಅರ್ಬುದಗಳು ಮೊದಲನೆಯವರಲ್ಲಿ 39, ಎರಡನೆಯವರಲ್ಲಿ 82. ಸಾವು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿತ್ತು. ವೈರಸ್ಸು ಇಲ್ಲವೆಂದು ಗೊತ್ತಾದ 24,380 ಸ್ತ್ರೀಯರಲ್ಲಿ ಒಬ್ಬರೂ ಈ ರೋಗದಿಂದ ಸಾಯಲಿಲ್ಲ. ಮಿಕ್ಕ ಎರಡು ಪರೀಕ್ಷೆಗಳಿಂದ, ಆ ಪ್ರಯೋಗದ ಮಟ್ಟಿಗೆ, ಸಾವಿನಲ್ಲಿ ನಿಸ್ಸಂದೇಹವಾದ ಇಳಿಕೆ ಕಾಣಲಿಲ್ಲ. ಕೋಶಗಳನ್ನು ಓದುವ ಕಣ್ಣು, ಬಿಳುಪನ್ನು ಗುರುತಿಸುವ ಕಣ್ಣು ಪಳಗಿರಬೇಕು. ವೈರಸ್ಸಿನ ಪರೀಕ್ಷೆಯಲ್ಲಿ ನಿರ್ಣಯವನ್ನು ಯಂತ್ರ ಹೇಳುತ್ತದೆ.

2009ರಲ್ಲಿ ನ್ಯೂ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಈ ಲೇಖನವನ್ನು ಲೋಕದ ವಿದ್ವಾಂಸರು ಬಹುವಾಗಿ ಉಲ್ಲೇಖಿಸಿದ್ದಾರೆ. ಆದರೆ ಅದರ ತೂಕ ಕಾಣುವುದು ಬೇರೆಡೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2013ರ ಮಾರ್ಗಸೂಚಿಯಲ್ಲಿ, ಸಾಧ್ಯವಿರುವ ಕಡೆಗಳಲ್ಲಿ ವೈರಸ್ಸಿನ ಪರೀಕ್ಷೆಗೆ ಆದ್ಯತೆ ಕೊಟ್ಟಿತು. 2021ರಲ್ಲಿ ಅದನ್ನೇ ಪ್ರಥಮ ಪರೀಕ್ಷೆಯೆಂದು ವಿಧಿಸಿತು. ಅಂಥ ನಿರ್ಣಯಗಳಿಗೆ ಆಧಾರವಾದ ಸಾಕ್ಷ್ಯಗಳಲ್ಲಿ ಉಸ್ಮಾನಾಬಾದಿನ ಹಳ್ಳಿಗಳ ಲೆಕ್ಕವೂ ಸೇರಿದೆ. ನಮ್ಮಂಥ ಜೋಳದ ಸೀಮೆಯ, ನಮ್ಮಂತೆಯೇ ಹೊಲಗೆಲಸ ಮಾಡುವ ಹೆಣ್ಣುಮಕ್ಕಳು ಲೋಕದ ವೈದ್ಯಕ್ಕೆ ಒಂದು ಪಾಠವನ್ನು ಹೇಳಿದರು.

ಶಂಕರನಾರಾಯಣನ್ ಅವರ ಲೇಖನಗಳು ನೂರಾರು. ಅವುಗಳಲ್ಲಿ ಇನ್ನು ಕೆಲವನ್ನು ಮಾತ್ರ ಇಲ್ಲಿ ಹೆಸರಿಸುತ್ತೇವೆ. ತಿರುವನಂತಪುರದ ಸುತ್ತಣ ಹದಿಮೂರು ಪಂಚಾಯತಿಗಳಲ್ಲಿ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯೊಳಗೆ ಬೆಳಕು ಹಿಡಿದು ನೋಡಿದರು. ತಂಬಾಕು ಅಗಿಯುವ, ಬೀಡಿ ಸೇದುವ, ಮದ್ಯ ಕುಡಿಯುವವರಲ್ಲಿ ಬಾಯಿಯ ಅರ್ಬುದದ ಸಾವು ಸುಮಾರು ಮೂರನೆಯ ಒಂದು ಪಾಲು ಕಡಮೆಯಾಯಿತೆಂದು 2005ರ ಲೇಖನ ತಿಳಿಸಿತು. ಎಲೆಯಡಿಕೆಯೊಡನೆ ತಂಬಾಕನ್ನು ದವಡೆಯಲ್ಲಿಟ್ಟುಕೊಳ್ಳುವ ಅಭ್ಯಾಸವುಳ್ಳ ನಮ್ಮ ಹಳ್ಳಿಗಳಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾದುದಿಲ್ಲ. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಹುಳಿ ಹಚ್ಚಿ ನೋಡುವ ಪರೀಕ್ಷೆಯನ್ನು ದಾದಿಯರಿಂದ ಮಾಡಿಸಿದಾಗ ಗರ್ಭಕಂಠದ ಅರ್ಬುದದ ಸಾವು ನೂರಕ್ಕೆ 35ರಷ್ಟು ಇಳಿಯಿತೆಂದು 2007ರ ಲೇಖನ ವರದಿಮಾಡಿತು. ಉಸ್ಮಾನಾಬಾದಿನಲ್ಲಿ ಕಾಣದ ಪ್ರಯೋಜನ ದಿಂಡಿಗಲ್ಲಿನಲ್ಲಿ ಕಂಡಿತೆಂಬುದನ್ನು ಗಮನಿಸಬೇಕು. ಒಬ್ಬರೇ ಸಂಶೋಧಕರ ಎರಡು ಲೇಖನಗಳು ಒಂದಕ್ಕೊಂದು ಪೂರ್ಣವಾಗಿ ಹೊಂದದಿದ್ದರೂ ಎರಡನ್ನೂ ಲೋಕದ ಮುಂದಿಟ್ಟಿರುವುದು ಅವರ ಸಂಪತ್ತಿನ ಬೆಲೆಯನ್ನು ಹೆಚ್ಚಿಸುತ್ತದೆ. ಮುಂಬಯಿಯ ಬಡಾವಣೆಗಳಲ್ಲಿ ಶಾಸ್ತ್ರಿಯವರು ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗವೂ ದಿಂಡಿಗಲ್ಲಿನ ಮಾತನ್ನೇ ಸಮರ್ಥಿಸಿತು.

ಉಲ್ಲೇಖಸೂಚಿಗೆ ಅಷ್ಟಾಗಿ ಸಿಕ್ಕದ ಇನ್ನೊಂದು ಬಗೆಯ ಬರಹವುಂಟು. 2003ರಲ್ಲಿ ಅವರು ಸಹಲೇಖಕರೊಡನೆ, ಹುಳಿ ಹಚ್ಚಿ ಪರೀಕ್ಷಿಸುವ ಕ್ರಮವನ್ನು ದಾದಿಯರೂ ಸೂಲಗಿತ್ತಿ ತರಬೇತಿ ಪಡೆದವರೂ ಕಲಿಯುವಂತೆ ಚಿತ್ರಸಹಿತವಾದ ಕೈಪಿಡಿಯನ್ನು ಬರೆದರು. ಅದನ್ನು ಓದಿ ಕಲಿತ ದಾದಿ ತಾನು ಲೇಖನ ಬರೆಯುವವಳಲ್ಲ. ಆದುದರಿಂದ ಅವಳ ಕಲಿಕೆ ಯಾವ ಅಂಕಕ್ಕೂ ಸೇರುವುದಿಲ್ಲ.

ಎಚ್.ಪಿ.ವಿ. ಲಸಿಕೆಯ ಪ್ರಸಂಗವಂತೂ ವಿಚಿತ್ರವಾದುದು. ಹೆಣ್ಣುಮಕ್ಕಳಿಗೆ ಆಗ ಮೂರು ಸಲ ಕೊಡುತ್ತಿದ್ದ ಲಸಿಕೆಯನ್ನು ಎರಡು ಸಲ ಕೊಟ್ಟರೆ ಸಾಲದೇ ಎಂಬುದನ್ನು ತಿಳಿಯಲು 2009ರಲ್ಲಿ ಬಾರ್ಶಿಯೂ ಸೇರಿ ಭಾರತದ ಹಲವೆಡೆ ಒಂದು ಪ್ರಯೋಗ ಆರಂಭವಾಯಿತು. ಬೇರೊಂದು ಲಸಿಕಾ ಯೋಜನೆಯ ವಿಷಯವಾಗಿ ಎದ್ದ ವಿವಾದದ ದೆಸೆಯಿಂದ 2010ರಲ್ಲಿ ಸರಕಾರ ಲಸಿಕೆ ಹಾಕುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ಸಾವಿರಾರು ಹುಡುಗಿಯರಿಗೆ ಒಂದೇ ಸಲ ಲಸಿಕೆ ಸಿಕ್ಕಿತ್ತು. ಪ್ರಯೋಗ ಕೆಟ್ಟಿತೆಂದು ಕೈಬಿಡದೆ ಸಂಶೋಧಕರು ಆ ಹುಡುಗಿಯರನ್ನು ವರ್ಷವರ್ಷವೂ ವಿಚಾರಿಸುತ್ತ ಬಂದರು. ಒಂದೇ ಸಲದ ಲಸಿಕೆಯೂ ಮುಖ್ಯವಾದ ಎರಡು ಬಗೆಯ ವೈರಸ್ಸುಗಳನ್ನು ಚೆನ್ನಾಗಿ ತಡೆಯುತ್ತದೆಂದು 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂದು ಸಲದ ಕ್ರಮವನ್ನೂ ಅಂಗೀಕರಿಸಿತು. ಬಡದೇಶಗಳಿಗೆ ಇದರಿಂದಾಗುವ ಉಳಿತಾಯ ಅಲ್ಪವಲ್ಲ.

ಇಷ್ಟನ್ನು ಹೇಳಿದ ಮೇಲೆ, ಇದೇ ಲೇಖನಸಂಪತ್ತಿನ ಮೇಲೆ ಬಂದ ಆಕ್ಷೇಪವನ್ನೂ ಹೇಳದಿದ್ದರೆ ನ್ಯಾಯವಾಗದು. ತಪಾಸಣೆಯಿಂದ ಸಾವು ತಗ್ಗುತ್ತದೆಂಬುದು ಇತರ ದೇಶಗಳ ಅನುಭವದಿಂದ ಮೊದಲೇ ಗೊತ್ತಿದ್ದಾಗ, ಒಂದು ಪಾಲು ಸ್ತ್ರೀಯರನ್ನು ತಪಾಸಣೆಯಿಲ್ಲದೆ ಬಿಟ್ಟು ಸಾವುಗಳನ್ನು ಎಣಿಸುವುದು ಧರ್ಮವೇ ಎಂದು ಅಮೆರಿಕದ ಕೆಲವು ವೈದ್ಯರು ಕೇಳಿದರು. ಭಾರತದ ಹಳ್ಳಿಗಳಲ್ಲಿ ಆಗ ನಡೆದುಬರುತ್ತಿದ್ದ ಕ್ರಮವೇ ತಪಾಸಣೆಯಿಲ್ಲದಿರುವುದು, ಹೋಲಿಸಿ ನೋಡದಿದ್ದರೆ ಯಾವ ಪರೀಕ್ಷೆ ಇಲ್ಲಿಗೆ ತಕ್ಕುದೆಂದು ಗೊತ್ತಾಗುತ್ತಿರಲಿಲ್ಲವೆಂದು ಸಂಶೋಧಕರ ಪಕ್ಷದವರು ಉತ್ತರವಿತ್ತರು. ಎರಡು ಮಾತುಗಳಲ್ಲಿಯೂ ತಥ್ಯವುಂಟು. ಆದರೆ ಆ 64 ಮಂದಿಯ ಹೆಸರು ಯಾವ ಲೇಖನದಲ್ಲಿಯೂ ಇಲ್ಲ. ಅವರು ಒಂದು ಕೋಷ್ಟಕದ ಸಂಖ್ಯೆಯಾಗಿದ್ದಾರೆ. ಪೂರ್ವಕವಿಗಳನ್ನು ನೆನೆಯುವುದು ಧರ್ಮವಾದರೆ, ಯಾರ ದೇಹದಿಂದ ಈ ಅರಿವು ಬಂದಿತೋ ಅವರನ್ನು ನೆನೆಯುವುದೂ ಧರ್ಮವೇ. ಆ ಋಣವನ್ನು ಲೇಖನದ ಕೊನೆಯ ಪಟ್ಟಿಯಿಂದ ತೀರಿಸಲಾಗುವುದಿಲ್ಲ. ಆ ಅರಿವನ್ನು ಹಳ್ಳಿಗೆ ಮರಳಿ ಮುಟ್ಟಿಸುವುದರಿಂದ ಮಾತ್ರ ತೀರೀತು.

ಅದು ಎಷ್ಟರಮಟ್ಟಿಗೆ ಮುಟ್ಟಿದೆ? ಭಾರತ ಸರಕಾರವು 2016ರಲ್ಲಿ, ಮೂವತ್ತರಿಂದ ಅರವತ್ತೈದು ವಯಸ್ಸಿನ ಸ್ತ್ರೀಯರಿಗೆ ಐದು ವರ್ಷಗಳಿಗೊಮ್ಮೆ ಹುಳಿ ಹಚ್ಚಿ ಪರೀಕ್ಷಿಸುವ ಕ್ರಮವನ್ನು ಗೊತ್ತುಮಾಡಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೂರರಲ್ಲಿ ಎಪ್ಪತ್ತು ಮಂದಿ ಸ್ತ್ರೀಯರಿಗೆ ಮೂವತ್ತೈದನೆಯ ವಯಸ್ಸಿನೊಳಗೊಮ್ಮೆ, ನಲವತ್ತೈದರೊಳಗೆ ಮತ್ತೊಮ್ಮೆ ಉತ್ತಮವಾದ ತಪಾಸಣೆ ಆಗಬೇಕೆಂದು ಗುರಿಯಿಟ್ಟಿತು. ಆದರೆ 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ಈ ತಪಾಸಣೆಯನ್ನು ಎಂದಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರಿಗಿಂತಲೂ ಕಡಮೆ ಎಂದು ಕಂಡುಬಂದಿತು. ಎಪ್ಪತ್ತೆಲ್ಲಿ, ಎರಡೆಲ್ಲಿ! ಬಾರ್ಶಿಯ ಹಳ್ಳಿಗಳಿಂದ ಲಿಯೋನಿಗೂ ಜಿನೀವಕ್ಕೂ ಹೋದ ಅರಿವು ನವಲಗುಂದಕ್ಕೆ ಬರುವ ದಾರಿಯಲ್ಲಿ ಇನ್ನೂ ಇದೆ ಎನ್ನಬೇಕು.

ಆ ದಾರಿಯನ್ನು ಚಿಕ್ಕದು ಮಾಡುವ ಭಾರ ಸಂಶೋಧಕರೊಬ್ಬರದೇ ಅಲ್ಲ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅಚ್ಚಾದ ಮಾತನ್ನು ತಾಲ್ಲೂಕು ಆಸ್ಪತ್ರೆಯ ದಾದಿಗೆ ಕನ್ನಡದಲ್ಲಿ ತಿಳಿಸುವವರು ಬೇಕು. ನೋವಿಲ್ಲದಾಗಲೇ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದನ್ನು ಅತ್ತೆಗೆ ಸೊಸೆಯೂ, ಅಕ್ಕನಿಗೆ ತಂಗಿಯೂ ಸಂಕೋಚವಿಲ್ಲದೆ ಹೇಳುವಂತಾಗಬೇಕು. ನಗರದಲ್ಲಿರುವ ವಿದ್ಯಾವಂತರ ಪೈಕಿ ಹಳ್ಳಿಯಲ್ಲಿ ತಾಯಿಯನ್ನೋ ಚಿಕ್ಕಮ್ಮನನ್ನೋ ಬಿಟ್ಟುಬಂದವರು ಬಹು ಮಂದಿ. ಮುಂದಿನ ಸಲ ಊರಿಗೆ ಹೋದಾಗ ಈ ಒಂದು ಮಾತನ್ನು ಅವರು ತಲಪಿಸಿದರೆ, ಯಾವ ಸೂಚಿಯೂ ದಾಖಲೆ ಮಾಡದ ಒಂದು ಉಲ್ಲೇಖ ಅದಾಗುತ್ತದೆ.

ಸಂಶೋಧಕನ ಲೇಖನಗಳನ್ನು ಎಣಿಸುವುದು ತಪ್ಪಲ್ಲ. ಪೂರ್ವಿಕರ ಋಣವನ್ನು ಬರೆದಿಡುವ ಆ ಪದ್ಧತಿಯಿಂದ ವಿದ್ಯೆ ಬೆಳೆದಿದೆ. ಆದರೆ ಎಣಿಸುವವರು ಎರಡು ಲೆಕ್ಕಗಳ ಪಕ್ಕದಲ್ಲಿ ಮೂರನೆಯದೊಂದನ್ನೂ ಇಟ್ಟುಕೊಳ್ಳುವುದು ಉಚಿತ: ಈ ಲೇಖನದಿಂದ ಯಾವ ಆಸ್ಪತ್ರೆಯ ಕ್ರಮ ಬದಲಾಯಿತು, ಯಾವ ದಾದಿಯ ಕೈ ಪಳಗಿತು, ಯಾವ ಹಳ್ಳಿಯಲ್ಲಿ ಸಾವು ತಗ್ಗಿತು? ಇದಕ್ಕೆ ಉತ್ತರ ಬರಲು ಹತ್ತಿಪ್ಪತ್ತು ವರ್ಷಗಳೇ ಬೇಕಾಗಬಹುದು. ಅರ್ಬುದ ಬೆಳೆಯುವುದೂ ಅಷ್ಟೇ ನಿಧಾನವಾಗಿ. ಅದನ್ನು ಗೆಲ್ಲುವ ವಿದ್ಯೆಯನ್ನು ತೂಗುವವರಿಗೂ ಅಷ್ಟು ತಾಳ್ಮೆ ಇರಬೇಕು.